ಮೆಹಮಾನ್ ಬಂದರೆ ಮಾಯವಾಗುವ ಎರರ್

"ಎಲ್ಲಿ ಐತ್ರಿ ಎರರ್?"

ಅರ್ಮಾನ ಕೇಳಿದ. ಸಾನಿಯಾ ಕಣ್ಣುಜ್ಜಿಕೊಂಡು ನೋಡಿದಳು. ಮುಂಜಾನೆಯಿಂದ ಬಾಗಿಲು ಹಾಕಿಕೊಂಡು ಕೂತಿದ್ದ ಲೆಕ್ಕದ ಫೈಲು, ಈಗ ತನಗೇನೂ ಗೊತ್ತಿಲ್ಲ ಎನ್ನುವ ಹಾಗೆ ಪರದೆಯ ಮೇಲೆ ತೆರೆದುಕೊಂಡಿತ್ತು!

"ಖರೇನ ಹೇಳ್ತೇನ್ರಿ... ಇಷ್ಟೊತ್ತನಾ 'ಕಂಪನಿ ಫೈಲ್ ತೆರೆಯಲು ಆಗುತ್ತಿಲ್ಲ' ಅಂತ ಬರಾಕತ್ತಿತ್ತು!"

"ನನ್ನ ನೋಡಿ ಹೆದರಿ ಓಡಿ ಹೋತೇನೋ!" ಎಂದು ಅರ್ಮಾನ ನಕ್ಕ. ಅವನು ನಿಪ್ಪಾಣಿಯ ಕಂಪ್ಯೂಟರ್ ಅಂಗಡಿಯಿಂದ ರಿಪೇರಿಗೆ ಬಂದವನು.

ನಗುವಾಗ ಅವನ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಸಾನಿಯಾಳಿಗೆ ಸಿಟ್ಟು ಬಂತು. ಫೈಲಿನ ಮೇಲೋ, ಗುಳಿಯ ಮೇಲೋ, ಅವಳಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಅಜ್ಜಿ ಚಮನಬಿ ಚಹಾ ತಂದಳು. "ಮನಿಯಾಗ ಯಾರ್ಯಾರ ಅದಾರ ಬೇಟಾ? ಲಗ್ನ ಆಗೇತೇನು?"

"ದಾದೀ!" ಸಾನಿಯಾ ತಡೆದಳು.

"ಕಂಪ್ಯೂಟರದ್ದು ಕೇಳಾಕ ನನಗ ಬರೂದಿಲ್ಲ. ಬರೂದನ್ನ ಕೇಳಾಕತ್ತೇನಿ," ಎಂದು ಚಮನಬಿ ಆರಾಮಾಗಿ ಕೂತಳು.

ಸಾನಿಯಾಳ ಅಪ್ಪ ಗುಡುಸಾಬರದು ಬೋರಗಾಂವದಲ್ಲಿ ಪಾವರ್‌ಲೂಮ್. ಕೆಳಗೆ ಮಗ್ಗದ ಶೆಡ್ಡು, ಮೇಲೆ ಮನೆ. ಮಗ್ಗಗಳು ಓಡುವಾಗ ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಹೀಗಾಗಿ ಆ ಮನೆಗೊಂದು ರೀತಿ ಇತ್ತು. ಮೆಹಮಾನ್ ಬಂದರೆ ಮಗ್ಗ ಬಂದ್! ಮನೆಗೆ ಬಂದವರ ಜೊತೆ ಕೂಗಾಡಿ ಮಾತಾಡುವುದು ಗುಡುಸಾಬರ ಪ್ರಕಾರ ಮರ್ಯಾದೆಯಲ್ಲ.

ಮನೆಯವರಿಗೆ ಮಾತ್ರ ಆ ಗದ್ದಲದ ಚಿಂತೆಯಿಲ್ಲ. ಅವರು ಒಬ್ಬರ ತುಟಿ ಒಬ್ಬರು ಓದುತ್ತಾರೆ. ಸಾನಿಯಾ ಅಕ್ಷರ ಓದುವುದಕ್ಕಿಂತ ಮೊದಲೇ ತುಟಿ ಓದಲು ಕಲಿತವಳು.

ಚಹಾ ಮುಗಿಯಿತು. ಅರ್ಮಾನನ ಬೈಕು ಓಣಿ ದಾಟಿತು. ಮಗ್ಗಗಳು ಶುರುವಾದವು. ಸಾನಿಯಾ ಫೈಲನ್ನು ಒತ್ತಿದಳು...

'ಕಂಪನಿ ಫೈಲ್ ತೆರೆಯಲು ಆಗುತ್ತಿಲ್ಲ.'

"ಅಯ್ಯೋ ದೇವರೇ!"

ಮುಂದಿನ ವಾರ ಅವನು ಮತ್ತೆ ಬಂದ. ಶೆಡ್ಡಿನ ಮೂಲೆಯ ಹಳೆಯ ಕಂಪ್ಯೂಟರಿನ ಪರದೆ ಎಂದೋ ಸತ್ತಿತ್ತು; ಫೈಲನ್ನು ಕಾಯುವುದಷ್ಟೇ ಈಗ ಅದರ ಕೆಲಸ. ಮೇಲಿನ ಕಂಪ್ಯೂಟರ್ ವೈರಿನ ಮೂಲಕ ಆ ಫೈಲನ್ನು ತೆರೆಯಬೇಕು. ಅರ್ಮಾನ ಫೋಲ್ಡರಿನ ಪರ್ಮಿಷನ್ ನೋಡಿದ, ಆ್ಯಂಟಿವೈರಸ್ಸನ್ನು ಬೈದ, ಸಾಫ್ಟ್‌ವೇರನ್ನೇ ತೆಗೆದು ಹೊಸದಾಗಿ ಹಾಕಿದ. ಎಲ್ಲವೂ ಸರಿಯಾಗಿಯೇ ಇತ್ತು.

"ಏನ ತ್ರಾಸ ಐತಿ ನಿನಗ? ಹೇಳಲೇ..." ಎಂದು ಕಂಪ್ಯೂಟರಿನ ತಲೆ ಸವರಿದ.

'ನನ್ನ ತ್ರಾಸನ್ನೂ ಯಾರಾದರೂ ಹೀಗೆ ಕೇಳಿದ್ದರೆ!' ಸಾನಿಯಾ ಬಾಗಿಲಿಗೊರಗಿ ನಿಂತಳು. ಎದೆ ಸುಮ್ಮನೆ ಹೊಡೆದುಕೊಂಡಿತು. 'ಥೂ, ರಿಪೇರಿಗೆ ಬಂದವ ಅವ... ಸುಮ್ಮನಿರು!'

ಎದೆ ಸುಮ್ಮನಿರಲಿಲ್ಲ. ಎರರ್ ಕೂಡ ಸುಮ್ಮನಿರಲಿಲ್ಲ.

ಇನ್ನೊಮ್ಮೆ ಕರೆಸಿದ ದಿನ ಅದು ನಡೆದುಹೋಯಿತು. ಅರ್ಮಾನ ಹೊರಟು ಅಂಗಳದ ನಳದ ಹತ್ತಿರ ನಿಂತು ತನ್ನ ಅಂಗಡಿಯ ಮಾಲೀಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಮಗ್ಗಗಳು ಆಗಲೇ ಓಡುತ್ತಿದ್ದವು. ಮೇಲಿನ ಕಿಟಕಿಯಲ್ಲಿ ಸಾನಿಯಾ ಇದ್ದಳು. ಅವನ ತುಟಿಗಳು ಹೇಳಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು.

"ಎರರ್ ಗಿರರ್ ಏನಿಲ್ರಿ ಸರ್. ಹುಡುಗಿ ತಾನ ವೈರ್ ಕಿತ್ತಿ ನನ್ನ ಕರಸ್ತಾಳ. ನನ್ನ ಮ್ಯಾಲ ಕಣ್ಣ ಹಾಕ್ಯಾಳ!"

ಸಾನಿಯಾಳ ಮುಖಕ್ಕೆ ಬೆಂಕಿ ಬಿದ್ದ ಹಾಗಾಯಿತು. ವೈರ್ ಕಿತ್ತದ್ದು ಅಪ್ಪಟ ಸುಳ್ಳು. ಇನ್ನರ್ಧ ಮಾತು... ಅದು ಸುಳ್ಳಲ್ಲ ಎನ್ನುವುದೇ ಅವಳ ಸಂಕಟ!

ಆಮೇಲೆ ಅವಳು ಅವನನ್ನು ಕರೆಯಲಿಲ್ಲ. ಎರರ್ ಬಂದರೆ ಬರಲಿ, ಮಾನ ಹೋಗುವುದು ಬೇಡ.

ಆದರೆ ಒಂದು ಬೆಳಿಗ್ಗೆ ಗುಡುಸಾಬರು ಅವಳ ಮುಂದೆ ಬಂದು ನಿಂತರು. "ಬೇಟಿ, ಜಿಎಸ್‌ಟಿ ತುಂಬಾಕ ನಾಳೆನ ಕಡೀ ದಿನ. ಇವತ್ತ ಆಗಲಿಲ್ಲಂದ್ರ ಲೆಕ್ಕ ಎಲ್ಲಾ ಚಿಕ್ಕೋಡಿ ಮುನೀಮಗ ಕೊಡ್ತೇನಿ. ನೀ ಆ ಖುರ್ಚಿ ಬಿಡು."

ಬಿ.ಕಾಂ. ಮುಗಿಸಿ, ಎರಡು ದಿನ ಊಟ ಬಿಟ್ಟು ಹಟ ಮಾಡಿ ಗೆದ್ದ ಖುರ್ಚಿ! ಅಪ್ಪ ನೂಲು ತರಲು ಹೋದ ಮೇಲೆ ಸಾನಿಯಾ ಅದೇ ಖುರ್ಚಿಯಲ್ಲಿ ಕೂತು ಅತ್ತಳು.

ಕಣ್ಣೊರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ಅರ್ಮಾನ!

ಮುಂಬಾಗಿಲು ಬಡಿದು ಬಡಿದು ಸಾಕಾಗಿ, ಓಡುತ್ತಿದ್ದ ಮಗ್ಗಗಳ ನಡುವಿನಿಂದಲೇ ಹಾದು ಬಂದಿದ್ದ. ತಲೆಯ ತುಂಬ ಹತ್ತಿಯ ಎಳೆ.

"ಯಾರ ಕರದ್ರು ನಿಮ್ಮನ್ನ?" ಸಾನಿಯಾ ಕೂಗಿದಳು.

"ಯಾರೂ ಕರೀಲಿಲ್ರಿ! ಅದಕ್ಕ ಬಂದೆ!" ಅವನೂ ಕೂಗಿದ. ಹಾಗೆ ಕೂಗುವಾಗ ಪರದೆ ಕಂಡಿತು. ಅವನ ಬಾಯಿ ತೆರೆದೇ ಉಳಿಯಿತು. "ಯಾ ಅಲ್ಲಾ! ಎರರ್! ಖರೇನ ಐತಿ!"

ಕಳೆದುಹೋದ ಮಗು ಸಿಕ್ಕವನಂತೆ ಅವನು ಪರದೆಯ ಫೋಟೋ ಹೊಡೆದುಕೊಂಡ.

ಸಾನಿಯಾ ಯೋಚಿಸಿದಳು. ಇಷ್ಟು ದಿನ ಇವನು ಬಂದರೆ ಓಡಿಹೋಗುತ್ತಿದ್ದ ಎರರ್ ಇವತ್ತೇಕೆ ನಿಂತಿದೆ? ಇವತ್ತೇನು ಬೇರೆ? ಮೇಜಿನ ಮೇಲೆ ಕೈ ಇಟ್ಟಳು. ಮೇಜು ಗಡಗಡ ನಡುಗುತ್ತಿತ್ತು. ಇವತ್ತು ಅಪ್ಪ ಮನೆಯಲ್ಲಿಲ್ಲ. ಮೆಹಮಾನ್ ಬಂದರೂ ಮಗ್ಗ ನಿಂತಿಲ್ಲ...

"ಮಗ್ಗ!"

ಕೆಳಗೆ ಓಡಿ ಮಗ್ಗಗಳ ದೊಡ್ಡ ಸ್ವಿಚ್ ಎಳೆದಳು. ಶೆಡ್ಡು ಸ್ತಬ್ಧವಾಯಿತು.

"ತೆರೀತ್ರಿ!" ಮೇಲಿನಿಂದ ಕೂಗು.

ಮತ್ತೆ ಹಾಕಿದಳು. ಮೆಟ್ಟಿಲ ಮೇಲೆ ಬಂದು ನಿಂತವನ ತುಟಿ 'ಹೋತ್ರಿ!' ಎಂದಿತು. ತೆಗೆದಳು. "ತೆರೀತ್ರಿ!" ಹಾಕಿದಳು. 'ಹೋತ್ರಿ!'

ಮುಂದಿನ ಸಲ ಸದ್ದು ನಿಂತಾಗ ನೇಯುವ ಲಗಮಪ್ಪ ಕೈ ಮುಗಿದ. "ಅಕ್ಕಾರ, ಏನ ಮಾಡಾಕತ್ತೀರಿ? ನನ್ನ ಮಗ್ಗಕ್ಕ ಬಿಕ್ಕ ಹತ್ತಿದಂಗ ಆಗೇತ್ರಿ!"

ಕಳ್ಳ ಸಿಕ್ಕಿಬಿದ್ದ. ವೈರು ಸೇರುವ ಸಣ್ಣ ಪೆಟ್ಟಿಗೆಯನ್ನು ಶೆಡ್ಡಿನ ಗೋಡೆಗೇ ಮೊಳೆ ಹೊಡೆದು ಕೂರಿಸಿದ್ದರು. ಮಗ್ಗ ಓಡಿದರೆ ಗೋಡೆ ನಡುಗುತ್ತಿತ್ತು, ವೈರಿನ ಸಡಿಲ ತುದಿ ಬಿಡುತ್ತಿತ್ತು. ಸಾನಿಯಾ ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು, ಮಡಚಿದ ಬಟ್ಟೆಯ ಮೇಲೆ ಮಲಗಿಸಿದಳು. ಅರ್ಮಾನ ವೈರಿಗೆ ಹೊಸ ತುದಿ ಹಾಕಿದ. ಮಗ್ಗಗಳೆಲ್ಲ ಓಡಿದವು. ಫೈಲು ತೆರೆದೇ ಇತ್ತು!

ಮಧ್ಯಾಹ್ನದೊಳಗೆ ಜಿಎಸ್‌ಟಿ ಹೋಯಿತು. ಖುರ್ಚಿ ಉಳಿಯಿತು.

ಅರ್ಮಾನ ಬ್ಯಾಗು ಹೆಗಲಿಗೇರಿಸಿ ಅವಳ ಹತ್ತಿರ ಬಾಗಿದ. "ಇನ್ನ ನನ್ನ ಕರೀಯಾಕ ನಿಮಗ ಕಾರಣನ ಉಳೀಲಿಲ್ಲ..."

"ಯಾಕ್ರಿ? ವೈರ್ ಕಿತ್ತಿ ಕರಸ್ತೇನಿ! ನಿಮ್ಮ ಮ್ಯಾಲ ಕಣ್ಣ ಹಾಕೇನಲ್ಲ!"

ಅವನ ಮುಖ ಸುಣ್ಣದ ಗೋಡೆಯಾಯಿತು. "ನಿ... ನಿಮಗ ಹೆಂಗ ಗೊತ್ತಾತ್ರಿ?"

"ಮಗ್ಗದ ಮನಿಯವರ್ರಿ ನಾವು. ತುಟಿ ಓದ್ತೇವಿ."

ಅರ್ಮಾನ ತಿರುಗಿ ಮೆಟ್ಟಿಲಿಳಿದು ಹೋಗಿಬಿಟ್ಟ!

'ಹೋದ... ಯಾಕಾದರೂ ಅಂದೆನೋ!' ಸಾನಿಯಾಳ ಕಣ್ಣುಗಳು ಮಂಜಾದವು. ತಡೆಯಲಾರದೆ ಕಿಟಕಿಗೆ ಓಡಿದಳು.

ಅವನು ಹೋಗಿರಲಿಲ್ಲ. ಅದೇ ನಳದ ಹತ್ತಿರ ನಿಂತು ಕಿಟಕಿಯನ್ನೇ ನೋಡುತ್ತಿದ್ದ. ಆ ಮಾತು ಆಡಿದ ಜಾಗದಲ್ಲೇ, ದನಿಯಿಲ್ಲದೆ, ಸಣ್ಣ ಮಗುವಿಗೆ ಹೇಳುವಷ್ಟು ನಿಧಾನವಾಗಿ ಅವನ ತುಟಿಗಳು ಅಲುಗಿದವು.

'ತಪ್ಪಾತ್ರಿ... ಕಣ್ಣ ಹಾಕಿದವ ನಾನ. ಎರರ್ ಇಲ್ಲಂತ ತಿಳಕೊಂಡೂ ಓಡಿ ಓಡಿ ಬರತಿದ್ದೆ. ಈಗ ಕಾರಣ ಇಲ್ಲದ ಬಂದೇನಿ... ನನ್ನ ಲಗ್ನಾ ಆಗ್ತೀರಿ?'

ಸಾನಿಯಾ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದಳು. ಅವಳು ಇಷ್ಟು ಚಂದದ ಮಾತನ್ನು ಎಂದೂ ಓದಿರಲಿಲ್ಲ.

ಅದೇ ಗಳಿಗೆಗೆ ಗುಡುಸಾಬರು ವಾಪಸ್ ಬರಬೇಕೆ! ಅಂಗಳದಲ್ಲಿ ಅರ್ಮಾನನನ್ನು ಕಂಡು, "ಅರೆ, ಮೆಹಮಾನ್!" ಎಂದು ರೂಢಿಯಂತೆ ಶೆಡ್ಡಿಗೆ ಓಡಿದರು. ಪಾಪ, ಗುಟ್ಟು ರಟ್ಟಾಯಿತೇನೋ ಎಂದು ಹೆದರಿ ಅರ್ಮಾನ ಅವರ ಹಿಂದೆಯೇ ಓಡಿದ. ಗುಡುಸಾಬರ ಕೈ ದೊಡ್ಡ ಸ್ವಿಚ್ಚಿನ ಮೇಲೆ ಬಿತ್ತು.

ಅಷ್ಟರಲ್ಲಿ ಸಾನಿಯಾ ಮೆಟ್ಟಿಲಿಳಿದು ಶೆಡ್ಡಿನ ಇನ್ನೊಂದು ತುದಿಯಲ್ಲಿ ನಿಂತಿದ್ದಳು. ಅಪ್ಪನ ಕಣ್ಣನ್ನೇ ನೋಡುತ್ತ ತುಟಿಯಲ್ಲಷ್ಟೇ ಹೇಳಿದಳು.

'ನಿಲ್ಲಸಬ್ಯಾಡ್ರಿ ಅಬ್ಬಾ... ಇವ್ರು ಮೆಹಮಾನ್ ಅಲ್ಲ.'

ಗುಡುಸಾಬರು ಮಗಳನ್ನು ನೋಡಿದರು. ಬೆವರುತ್ತಿದ್ದ ಹುಡುಗನನ್ನು ನೋಡಿದರು. ಪಕ್ಕದ ಮನೆಯಿಂದ ಆಗಷ್ಟೇ ಬಂದ ಚಮನಬಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಓದಿದ್ದಳು. 'ನಾ ಮೊದಲನ ದಿನಾನ ಕೇಳಿದ್ದೆ!' ಎಂದು ಅವಳ ತುಟಿ ಮಗನಿಗೆ ಹೇಳಿತು.

ಗುಡುಸಾಬರು ನಿಧಾನವಾಗಿ ಸ್ವಿಚ್ಚಿನಿಂದ ಕೈ ತೆಗೆದರು. ಮಗ್ಗಗಳು ಓಡುತ್ತಲೇ ಇದ್ದವು.

ಅರ್ಮಾನ ಸಾನಿಯಾಳ ಕಿವಿಯ ಹತ್ತಿರ ಬಂದು ಕೂಗಿದ. "ಅಬ್ಬಾಗ ಏನಂದ್ರಿ?"

"ನಿಮಗ ಉತ್ತರಾ ಕೊಟ್ಟೆ!"

"ನನಗ ಓದಾಕ ಬರೂದಿಲ್ಲಲ್ರಿ..."

"ಕಲಸ್ತೇನಿ. ನೋಡ್ರಿ ಇಲ್ಲೆ..." ಸಾನಿಯಾ ಮುಖವೆತ್ತಿ, ನಾಚುತ್ತ, ದನಿಯಿಲ್ಲದೆ ಒಂದೇ ಮಾತು ಹೇಳಿದಳು.

ಅರ್ಮಾನ ಕಣ್ಣರಳಿಸಿ ಓದಿದ.

"ಹೂಂ ಅಂದ್ರಿ! ಹೂಂ ಅಂದ್ರಿ!"

ಆ ಕೂಗು ಅಷ್ಟೂ ಮಗ್ಗಗಳ ಗದ್ದಲ ದಾಟಿ ಇಡೀ ಓಣಿಗೆ ಕೇಳಿತು.