ಮುಟ್ಟುವ ಮೊದಲೇ ಮಿನುಗಿದ ಕಡ್ಡಿ

ಬಹಳ ಕಾಲದ ಹಿಂದೆ, ಮೋಡಗಳು ನೆಲಕ್ಕಿಳಿದು ಕೆರೆಯ ನೀರು ಕುಡಿಯುತ್ತಿದ್ದಾಗ, ಮಿಂಚುಗೆರೆ ಎಂಬ ರಾಜ್ಯವಿತ್ತು. ಅದರ ಅರಮನೆಯಲ್ಲಿ ಒಂದು ಗಾಜಿನ ಹಲಗೆ. ಬೆರಳು ಮುಟ್ಟಿದರೆ ಬೆಳಗುತ್ತಿತ್ತು, ಕೇಳಿದರೆ ಮಾತಾಡುತ್ತಿತ್ತು. ರಾಜ್ಯದ ಪ್ರತಿಯೊಬ್ಬರ ಹೆಸರೂ ಅದರಲ್ಲಿ ಬರೆದಿತ್ತು.

ಒಂದು ದಿನ ಕಾಳಾಂಜನನೆಂಬ ಮಾಂತ್ರಿಕ ಬಂದು ಹಲಗೆಯ ಬರೆಯುವ ಕಡ್ಡಿಯನ್ನು ಮುರಿದುಹಾಕಿದ. ತಡೆಯಲು ಹೋದ ಲಿಪಿಕಾರ ಬೊಮ್ಮರಸನ ಹೆಸರನ್ನು ಅಂಗೈಯಿಂದ ಒರೆಸಿಬಿಟ್ಟ. ಬೊಮ್ಮರಸ ಅಲ್ಲೇ ಕೊಕ್ಕರೆಯಾದ.

"ಮೂರನೆಯ ಸಂಜೆಯೊಳಗೆ ಹೆಸರು ಬರೆಯದಿದ್ದರೆ ಇವನು ಮನುಷ್ಯರನ್ನೆಲ್ಲ ಮರೆತು ಹಾರಿಹೋಗುತ್ತಾನೆ" ಎಂದು ಮಾಂತ್ರಿಕ ನಕ್ಕ.

ಬೊಮ್ಮರಸನ ಅಕ್ಕ ಚೆನ್ನಾಜಿ ತಾಳೆಗರಿಯಲ್ಲಿ ಬರೆಯುವವಳು. ಗರಿಯ ಮೇಲೆ ಕಂಟವೆಂಬ ಚೂಪಾದ ಕಬ್ಬಿಣದ ಕಡ್ಡಿಯಿಂದ ಒತ್ತಿ ಗೀರಬೇಕು, ಆಮೇಲೆ ಮಸಿ ತಿಕ್ಕಬೇಕು, ಆಗಲೇ ಅಕ್ಷರ ಕಾಣುವುದು. ಅವಳದು ಬಲು ಭಾರದ ಕೈ. "ಅಕ್ಕಾ, ನೀನು ಬರೆದದ್ದನ್ನು ಕೆಳಗಿನ ನಾಲ್ಕು ಗರಿಯಲ್ಲೂ ಓದಬಹುದು" ಎಂದು ತಮ್ಮ ಸದಾ ರೇಗಿಸುತ್ತಿದ್ದ.

ಮೊದಲ ದಿನ ಚೆನ್ನಾಜಿ ಬೆಂಕಿಯುಗುಳುವ ಹುಲಿಯ ಬಾಯಿಗೆ ಕೊಡ ನೀರು ಸುರಿದು, ಅದರ ಗುಹೆಯಿಂದ ಚಿನ್ನದ ಕಂಟ ತಂದಳು. ಒತ್ತಿ ಬರೆದಳು, ಮಸಿ ತಿಕ್ಕಿದಳು. ಗಾಜಿನಲ್ಲಿ ಗೀರು ಬಿತ್ತು, ಕೈ ಕಪ್ಪಾಯಿತು, ಹೆಸರು ಮೂಡಲಿಲ್ಲ. ಆ ಸಂಜೆ ಕೊಕ್ಕರೆ ತನ್ನ ಊರನ್ನು ಮರೆತಿತು.

ಎರಡನೆಯ ದಿನ ಏಳು ಹೆಡೆಯ ಹಾವಿಗೆ ಒಂದು ಒಗಟು ಹೇಳಿದಳು. ಉತ್ತರಕ್ಕಾಗಿ ಹೆಡೆಗಳು ತಮ್ಮತಮ್ಮಲ್ಲೇ ಕಚ್ಚಾಡುತ್ತಿರುವಾಗ ವಜ್ರದ ಮೊನೆಯ ಕಂಟ ಎತ್ತಿಕೊಂಡು ಬಂದಳು. ಇನ್ನೂ ಜೋರಾಗಿ ಒತ್ತಿದಳು. ಎರಡನೆಯ ಗೀರು ಬಿತ್ತು, ಅಷ್ಟೇ.

ಮೂರನೆಯ ಬೆಳಿಗ್ಗೆ ಕೊಕ್ಕರೆ ಅವಳನ್ನೇ ನೋಡಿ, "ನೀವು ಯಾರು?" ಎಂದಿತು. ತಮ್ಮನ ಬಾಯಲ್ಲಿ 'ನೀವು' ಕೇಳಿದ ಚೆನ್ನಾಜಿ ಇನ್ನೊಂದು ಕಂಟ ಹುಡುಕುತ್ತ ಹಗಲೆಲ್ಲ ಅಲೆದು ಕೆರೆಗೆ ಬಂದಳು. ಪಾಪ, ಅಳಲೂ ಅವಳಿಗೆ ಪುರುಸೊತ್ತಿರಲಿಲ್ಲ.

ಕೆರೆಯ ಮುದಿ ಆಮೆ ಅವಳಿಗೆ ಜೊಂಡಿನ ಕಡ್ಡಿಯೊಂದನ್ನು ಕೊಟ್ಟಿತು. ಅದರ ತುದಿ ಮೆತ್ತಗಿತ್ತು.

"ಇದರಿಂದ ಬೆಣ್ಣೆಯ ಮೇಲೂ ಗೀರು ಬೀಳದು. ಹರಿತವಾದದ್ದು ಇಲ್ಲವೇ ಅಜ್ಜ?"

"ಎರಡು ದಿನ ಬರೀ ಮೊನೆ ನೋಡಿದೆ ತಾಯಿ. ಹಲಗೆಗೆ ಏನು ಬೇಕು ಅಂತ ಕೇಳಿದೆಯಾ?"

ಅವಳು ಕೇಳಿರಲಿಲ್ಲ. ಓಡಿಬಂದು ಹಲಗೆಯನ್ನು ಮುಟ್ಟಿ ಕೇಳಿದಳು.

"ನಾನು ತಾಳೆಗರಿಯಲ್ಲಮ್ಮ" ಎಂದಿತು ಹಲಗೆ. "ನನ್ನನ್ನು ಗೀರಬೇಡ. ನನಗೆ ಹೊಂದುವ ಕಡ್ಡಿ ಹತ್ತಿರ ಬಂದರೆ ಸಾಕು, ಮುಟ್ಟುವ ಮೊದಲೇ ನಾನು ಮಿನುಗುತ್ತೇನೆ."

ಚಿನ್ನದ ಕಂಟ ಹಿಡಿದಳು, ಕತ್ತಲೆ. ವಜ್ರದ್ದು ಹಿಡಿದಳು, ಕತ್ತಲೆ. ಜೊಂಡಿನ ಕಡ್ಡಿ ಇನ್ನೂ ಗೇಣು ದೂರವಿರುವಾಗಲೇ ಗಾಜಿನಲ್ಲಿ ಒಂದು ಚುಕ್ಕಿ ಬೆಳಗಿತು.

ಹೊತ್ತು ಮುಳುಗುತ್ತಿತ್ತು. ಕೊಕ್ಕರೆ ಕಿಟಕಿಯಲ್ಲಿ ರೆಕ್ಕೆ ಬಿಚ್ಚಿ ನಿಂತಿತ್ತು. ಒತ್ತಿಯೇ ರೂಢಿಯಾದ ಕೈಯನ್ನು ಚೆನ್ನಾಜಿ ಇನ್ನೊಂದು ಕೈಯಿಂದ ಹಿಡಿದೆತ್ತಿ, ಹಸುಗೂಸಿನ ಕೆನ್ನೆ ಸವರುವಂತೆ ಬರೆದಳು: ಬೊಮ್ಮರಸ. ಅಕ್ಷರಗಳು ತಾವಾಗಿ ಬೆಳಗಿದವು. ಮಸಿ ಬೇಕಾಗಲಿಲ್ಲ.

ಕಾಳಾಂಜನ ಒರೆಸಲು ಓಡಿಬಂದ. ಹಲಗೆಗೆ ಕಡ್ಡಿಯಿಲ್ಲದಾಗ ಮಾತ್ರ ಅವನ ಅಂಗೈಗೆ ಹೆಸರು ಅಳಿಯುತ್ತಿತ್ತು; ಈಗ ಹೊಂದುವ ಕಡ್ಡಿಯಿತ್ತು, ಹೆಸರು ಅಳಿಯಲಿಲ್ಲ, ಅವನ ಮಂತ್ರವೇ ಅಳಿಯಿತು. ಬರಿಗೈಯಲ್ಲಿ ರಾಜ್ಯ ಬಿಟ್ಟು ಹೋದವನು ಮತ್ತೆ ಬರಲಿಲ್ಲ.

ಕಿಟಕಿಯಿಂದ ಇಳಿದ ಬೊಮ್ಮರಸ ಮೈಮೇಲಿನ ಪುಕ್ಕ ಕೊಡವಿ, ಹಲಗೆಯ ಎರಡು ಗೀರುಗಳನ್ನು ಸವರಿ ನೋಡಿದ.

"ಅಕ್ಕಾ, ಇವು ನಿನ್ನವೇ ತಾನೆ?"

ಮಿಂಚುಗೆರೆಯವರು ಬಹುಕಾಲ ಸುಖವಾಗಿ ಬಾಳಿದರು. ಚೆನ್ನಾಜಿ ಮಾತ್ರ ಆ ಸಂಜೆ ತಮ್ಮನನ್ನು ತಬ್ಬಿಕೊಂಡು, ಮೂರು ದಿನದ ಅಳುವನ್ನೆಲ್ಲ ಒಮ್ಮೆಲೇ ಅತ್ತಳು.