ಬೇಕೆಂದೇ ತಪ್ಪಿದ ಬೆರಳು

ಒದ್ದೆ ಸ್ಪಂಜನ್ನು ಅವಳ ಹಣೆಯ ಮೇಲಿಟ್ಟು ಪಟ್ಟಿ ಬಿಗಿಯುವಾಗ ಅವನು ಪ್ರತಿಸಲವೂ ಕೇಳುತ್ತಿದ್ದ, "ಜಾಸ್ತಿ ಬಿಗಿ ಆಯ್ತಾ?"

"ಇಲ್ಲ ಮೇಷ್ಟ್ರೇ," ಎನ್ನುತ್ತಿದ್ದಳು. ಬಿಗಿಯಾಗಿದ್ದರೂ ಹೇಳುತ್ತಿರಲಿಲ್ಲ.

ಅವನು ಮೇಷ್ಟ್ರೇನಲ್ಲ, ಸಂಶೋಧಕ. ತಲೆಯ ಮೇಲಿಂದ ಸಣ್ಣಗೆ ಕರೆಂಟು ಹಾಯಿಸಿದರೆ ಮನಸ್ಸೂ ಬೆರಳೂ ಹಳೆಯ ಜಾಡು ಬಿಟ್ಟು ಹೊಸದಕ್ಕೆ ಸಲೀಸಾಗಿ ಹೊರಳುತ್ತವೆಯೇ ಎಂದು ನೋಡುವುದು ಅವನ ಕೆಲಸ. ಸೂಚನೆಗಳನ್ನು ಪಾಠದಂತೆ ಓದುತ್ತಿದ್ದನಲ್ಲ, ಅದಕ್ಕೇ ಅವಳು ಆ ಹೆಸರಿಟ್ಟಿದ್ದು. ಅವಳು ಅವನ ಪ್ರಯೋಗಕ್ಕೆ ಒಪ್ಪಿ ಬಂದವಳು, ಪಕ್ಕದ ಬೀದಿಯಲ್ಲಿ ಕಿಟಕಿ ಪರದೆ ಹೊಲಿಯುವವಳು. ಕೆಳಗೆ ಅಂಗಡಿ, ಮೇಲೆ ಮನೆ.

ನಿಜ ಹೇಳಬೇಕೆಂದರೆ ಅವಳಿಗೆ ಕರೆಂಟಿನ ಗೊಡವೆಯೇ ಇರಲಿಲ್ಲ. ಅದು ಇರುವೆ ಹರಿದಂತೆ ಕಡಿಯುತ್ತಿತ್ತು, ಅಷ್ಟೇ. ಆದರೆ ಅಮ್ಮ ಹೋದ ಮೇಲೆ ಅವಳ ತಲೆ ಮುಟ್ಟಿದವರಿಲ್ಲ. ಅವನು ಬಾಚಣಿಗೆಯಿಂದ ಕೂದಲನ್ನು ನಯವಾಗಿ ಸರಿಸುವಾಗ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮನೆಗೆ ಹೋದರೆ ಗೋಡೆಯ ಜೊತೆ ಮಾತು. ಒಬ್ಬಳಿಗೇ ಎಂದು ಒಲೆ ಹಚ್ಚಲೂ ಬೇಸರ.

ಹೇಳಿದ ಕ್ರಮದಲ್ಲಿ ಎಡಗೈಯಿಂದ ಗುಂಡಿಗಳನ್ನು ಒತ್ತಬೇಕಿತ್ತು. ಕ್ರಮ ದಿಢೀರನೆ ಬದಲಾದರೆ ಬೆರಳೂ ಬದಲಾಗಬೇಕು. ಕಲಿತವರಿಗೆ ಅಲ್ಲಿಗೆ ಮುಗಿಯಿತು, ಕಲಿಯದವರು ಮುಂದಿನ ವಾರ ಮತ್ತೆ ಬರಬೇಕು. ಉಳಿದವರೆಲ್ಲ ಮುಗಿಸಿ ಹೋದರು. ಅವಳು ಮಾತ್ರ ಕಲಿಯಲೇ ಇಲ್ಲ.

ಆ ದಿನ ಅವನು ಪಟ್ಟಿ ಕೈಗೆತ್ತಿಕೊಳ್ಳದೆ ಎದುರಿನ ಸ್ಟೂಲಿನ ಮೇಲೆ ಕುಳಿತ.

"ಕೈ ತಪ್ಪೋದಾದ್ರೆ ಒಂದೊಂದ್ಸಲ ಒಂದೊಂದು ಕಡೆ ತಪ್ಪತ್ತೆ. ನೀವು ಯಾವಾಗ್ಲೂ ಕೊನೇ ಗುಂಡೀಲೇ ತಪ್ತೀರಿ. ಅಲ್ಲೀವರೆಗೂ ಒಂದೂ ತಪ್ಪಿರಲ್ಲ."

ಅವಳಿಗೆ ಕಿವಿಯವರೆಗೂ ಬಿಸಿ ಹತ್ತಿತು. "ಕಳ್ಳತನಾನೂ ಅಚ್ಚುಕಟ್ಟಾಗಿ ಮಾಡ್ಬಿಟ್ಟೆ ಅನ್ನಿ. ಯಾವಾಗ ಗೊತ್ತಾಯ್ತು?"

"ತುಂಬಾ ದಿನ ಆಯ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

ಅವನು ನೆಲ ನೋಡಿದ. "ಹೇಳಿದ್ರೆ ನೀವು ಬರ್ತಿರ್ಲಿಲ್ಲ. ನಂಗೂ ವಾರವೆಲ್ಲ ಈ ರೂಮು, ಈ ಮಷಿನ್ನು. ನೀವು ಬರೋ ದಿನ ಮಾತ್ರ ನಾನು ಶರ್ಟು ಇಸ್ತ್ರಿ ಮಾಡೋದು."

ಅವಳು ಕದ್ದು ನೋಡಿದಳು. ತೋಳಿನ ಮೇಲೆ ಒಂದೇ ಇರಬೇಕಾದ ಇಸ್ತ್ರಿ ಗೆರೆ ಎರಡಾಗಿ ಮೂಡಿತ್ತು. ಅವನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು.

"ಇವತ್ತು ಈ ಪ್ರಯೋಗ ನೋಡ್ಕೊಳ್ಳೋ ನಮ್ಮ ಮೇಡಂಗೆ ಎಲ್ಲಾ ಹೇಳಿದೆ," ಎಂದ. "ಚೆನ್ನಾಗಿ ಬೈದ್ರು. ನಿಮ್ಮ ಫಲಿತಾಂಶ ಅಷ್ಟೂ ತೆಗೆದು ಹಾಕ್ಬೇಕು. ಇನ್ಮೇಲೆ ನೀವು ಇಲ್ಲಿಗೆ ಬರೋ ಹಾಗಿಲ್ಲ."

ಮತ್ತೆ ಅದೇ ಮೂಕ ಮನೆ, ಅದೇ ಒಂಟಿ ತಟ್ಟೆ. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು. ಅಲ್ಲಿ ನಿಂತು ಹಿಂದಿರುಗಿ ನೋಡಿದಳು.

"ಹಾಗಾದ್ರೆ ಈಗ ನಾನು ನಿಮ್ಗೆ ಏನಾಗ್ಬೇಕು?"

"ಪ್ರಯೋಗದ ಪ್ರಕಾರ... ಏನೂ ಆಗ್ಬೇಕಿಲ್ಲ."

"ಒಳ್ಳೇದೇ ಆಯ್ತು," ಎಂದಳು. "ಏನೂ ಆಗದವರನ್ನ ಊಟಕ್ಕೆ ಕರೆಯೋಕೆ ಯಾವ ರೂಲ್ಸೂ ಅಡ್ಡ ಬರಲ್ಲ ಅಲ್ವಾ?"

ಅವನು ಮಷಿನ್ ಆರಿಸುವುದನ್ನೂ ಮರೆತು ಅವಳ ಹಿಂದೆಯೇ ಹೊರಟ.