ತಾನಾಗಿ ತಗ್ಗಿದ ದನಿ

ಚಚಡಿಯ ಹಳೆಯ ಮನೆಯೊಂದರ ಅಟ್ಟದ ಕೋಣೆಯಲ್ಲಿ, ಆಂಪ್ಲಿಫೈಯರಿನ ಪಕ್ಕದಲ್ಲೇ, ಸೌಂಡ್ ಸೆಟ್ಟಿನ ಜಟ್ಟೆಪ್ಪ ಸತ್ತು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಕರೆಯಲು ಹೋದವರು ಕಂಡರು.

ಅಂಗಳದಲ್ಲಿ ಹಾಡಿನ ಕಾರ್ಯಕ್ರಮ ಮುಗಿದದ್ದು ಹನ್ನೆರಡೂವರೆಗೆ. ಅಲ್ಲಿಯವರೆಗೂ ಜಟ್ಟೆಪ್ಪನ ಜೊತೆಗಿದ್ದು, ಆಮೇಲೆ ಊಟಕ್ಕೆ ಇಳಿದೆ ಎಂದ ಅವನ ಜೊತೆಗಾರ ಕಾಂತೇಶ. ನಂತರ ಮೇಲೆ ಹೋದವನು ಹಾಡುಗಾರ ಗೌತಮನೊಬ್ಬನೇ. ಮೆಟ್ಟಿಲ ತುದಿಯಲ್ಲೇ ಮೈಕ್ ಇಟ್ಟು ಬಂದೆ ಎಂದು ಅವನು ಬಡಕೊಂಡ. ಯಾರು ನಂಬುತ್ತಾರೆ? ಅವನನ್ನು ಜೀಪು ಹತ್ತಿಸಿದ ಹವಾಲ್ದಾರ ನಾನೇ. ಅವನ ಹೆಂಡತಿ ಮಾಲಾ ಠಾಣೆಯ ಬಾಗಿಲು ಬಿಟ್ಟು ಕದಲಲಿಲ್ಲ.

ನಮ್ಮ ಪಿಎಸ್‌ಐ ಪ್ರಜ್ಞಾ ಮೇಡಂ ಮಾತ್ರ ಯಾರೋ ಮೊಬೈಲಿನಲ್ಲಿ ಹಿಡಿದ ಹಾಡನ್ನೇ ಕೇಳುತ್ತ ಕೂತರು. ಹನ್ನೊಂದು ನಲವತ್ತಕ್ಕೆ ಗೌತಮನ ದನಿ ಒಮ್ಮೆಲೇ ಕುಸಿದು, ಮೆಲ್ಲಗೆ ಮೇಲೇರಿತ್ತು. ಕಾಂತೇಶನನ್ನು ಅದೇ ಅಟ್ಟಕ್ಕೆ ಕರೆಸಿ, ಆ ಭಾಗ ಕೇಳಿಸಿದರು.

“ಇಲ್ಲಿ ದನಿ ಯಾಕ ತಗ್ಗಿತು?”

“ಜಟ್ಟೆಪ್ಪಣ್ಣ ವಾಲ್ಯೂಮ್ ಗುಂಡಿ ತಿರುವಿದನ್ರಿ. ಗೌತಮ ಭಾಳ ಒದರಾಕ ಹತ್ತಿದ್ದ.”

“ನೀ ಎಲ್ಲಿದ್ದಿ?”

“ಅಲ್ಲೇ ಬಾಜೂಕರಿ.”

ಮೇಡಂ ಅಂಗಳದ ಮೈಕಿನಲ್ಲಿ ನನ್ನನ್ನು ಹಾಡಲು ನಿಲ್ಲಿಸಿದರು — ನನ್ನ ಕಂಠಕ್ಕೆ ಊರ ನಾಯಿಗಳೂ ಎದ್ದು ಹೋದವು. ಮೇಲೆ, ಜಟ್ಟೆಪ್ಪ ಅನೌನ್ಸ್ ಮಾಡಲು ಇಟ್ಟುಕೊಂಡಿದ್ದ ಮೈಕನ್ನು ಚಾಲೂ ಮಾಡಿ, ಅದರ ಪಕ್ಕದ ಹಲಗೆಯ ಮೇಲೆ ಜೋಳದ ಚೀಲ ಬೀಳಿಸಿದರು. ಭೋಂಗಾ ಸ್ಪೀಕರಿನಲ್ಲಿ ನನ್ನ ದನಿ ಕುಸಿಯಿತು, ಮೆಲ್ಲಗೆ ಎದ್ದಿತು. ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ.

ನಾನು ಮೇಲೆ ಬಂದಾಗ ಮೇಡಂ ಹೇಳುತ್ತಿದ್ದರು: “ಏಕಾಏಕಿ ದೊಡ್ಡ ಸದ್ದು ಬಂದ್ರ ಭೋಂಗಾ ಸುಡಬಾರದಂತ ಜಟ್ಟೆಪ್ಪ ಈ ಆಂಪ್ಲಿಫೈಯರಿಗೆ ಲಿಮಿಟರ್ ಕೂಡ್ರಿಸಿದ್ದ. ಅದು ಥಟ್ಟನ ಎಲ್ಲಾ ದನೀನೂ ಒತ್ತತದ, ಸಾವಕಾಶ ಬಿಡತದ. ಹಲಗಿಯ ಧಪ್ ಅನ್ನೂ ದಪ್ಪ ಸದ್ದು ಭೋಂಗಾದಾಗ ಕೇಳೂದಿಲ್ಲ, ಆದ್ರ ಈ ಮೈಕ್ ಹಿಡದ್ರ ಲಿಮಿಟರಿಗೆ ಗೊತ್ತಾಗತದ. ಹನ್ನೊಂದು ನಲವತ್ತಕ್ಕ ಈ ಹಲಗಿ ಮ್ಯಾಲ ಬಿದ್ದದ್ದು ಏನು, ಕಾಂತೇಶ? ಆಗ ಗೌತಮ ಊರ ಮಂದಿ ಮುಂದ ಹಾಡಾಕ ಹತ್ತಿದ್ದ. ಬಾಜೂಕ ಇದ್ದಾಂವ ನೀನು.”

ಕಾಂತೇಶ ಒಪ್ಪಿಕೊಂಡ. ನಾಳೆಯಿಂದ ಬರಬೇಡ, ಗೌತಮನಿಗೆ ಕೆಲಸ ಕಲಿಸುತ್ತೇನೆ ಎಂದಿದ್ದನಂತೆ ಜಟ್ಟೆಪ್ಪ. ಕಾಂತೇಶನ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತಂತೆ, ಬೀಸಿದನಂತೆ.

“ಬಿದ್ದ ಮ್ಯಾಲ ಜೀವ ಇತ್ತೇನು?”

“ನರಳತಿದ್ದರಿ. ಮೊದಲ ಆ ಮೈಕ್ ಬಂದ್ ಮಾಡಿದೆ. ಹಾಡು ನಿಂತ್ರ ಮಂದಿ ಮ್ಯಾಲ ಬರ್ತಿದ್ರು. ಅದಕ್ಕ ಸೆಟ್ ನಿಲ್ಲಗೊಡಲಿಲ್ಲ.”

ಹಾಡು ನಿಲ್ಲುವವರೆಗೆ ಐವತ್ತು ನಿಮಿಷ, ಮೇಲೆ ಯಾರೂ ಬಂದಿರಲಿಲ್ಲ.

ಸಂಜೆ ಗೌತಮನನ್ನು ಬಿಟ್ಟು, ನಡೆದದ್ದನ್ನೆಲ್ಲ ಹೇಳಿದೆವು. ಮಾಲಾ ಕೈ ಹಿಡಿದೆಳೆದರೂ ಅವನು ಬೆಂಚಿನಿಂದ ಏಳಲಿಲ್ಲ.

“ಹನ್ನೆರಡಕ್ಕ ಮುಗಿಸಬೇಕಂತ ಮಾಡಿದ್ನಿರಿ,” ಎಂದ. “ಮಂದಿ ಇನ್ನೊಂದು, ಇನ್ನೊಂದು ಅಂದ್ರು. ನಾ ಹಾಡಿದೆ.”